ಮೊಳೆ ಮಾವನ ಐದು ಮೆಥಡ್ಡು

"ಅಕ್ಷರ ಜೋಡಿಸೋದೇ ತಾನೆ? ಅದೇನು ಮಹಾ!"

ಮೊಳೆ ಮಾವನ ಬಾಯಿಂದ ಈ ಮಾತು ಬಿದ್ದದ್ದು ಚಹಾ ಕುಡಿಯುವ ಹೊತ್ತಿನಲ್ಲಿ. ಬಿದ್ದದ್ದನ್ನು ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಅದು ಯಜಮಾನರ ಕಿವಿಯನ್ನು ಸೇರಿಯಾಗಿತ್ತು.

ಅವತ್ತು ಮುದ್ರಣಾಲಯಕ್ಕೆ ಮೊದಲ ಕಂಪ್ಯೂಟರ್ ಬಂದಿತ್ತು. ಆಗೆಲ್ಲ ಕಂಪ್ಯೂಟರ್ ಎಂದರೆ ಮನೆಗೆ ಬಂದ ಹಸುಗೂಸು. ಅದಕ್ಕೊಂದು ಹೊದಿಕೆ, ಅದರ ಕೋಣೆಗೊಂದು ಪರದೆ. ಹತ್ತಿರ ನಿಂತು ಜೋರಾಗಿ ಸೀನಿದರೆ ಎಲ್ಲರೂ ಕಣ್ಣು ಕೆಂಪಗೆ ಮಾಡುತ್ತಿದ್ದರು. ಯಜಮಾನರು ಅದನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಕೂರಿಸಿ, ಹೂವಿನ ಚಿತ್ರದ ಬೆಡ್‌ಶೀಟ್ ಹೊದಿಸಿ, ಮುಂದೆ ಚಕ್ರದ ಕುರ್ಚಿಯೊಂದನ್ನು ಹಾಕಿಸಿ, "ಸರ್ಟಿಫಿಕೇಟ್ ಇಲ್ಲದೋರು ಯಾರೂ ಇದನ್ನ ಮುಟ್ಟೋ ಹಾಗಿಲ್ಲ, ನಾನೂ ಸೇರಿ" ಎಂದು ಸಾರಿದರು. ಅದು ನಿಜವಾಗಿ ಅವರ ಭಯ. ಯಜಮಾನರಾದ್ದರಿಂದ ಅದಕ್ಕೆ ನಿಯಮ ಎಂದು ಹೆಸರಾಯಿತು.

"ಮಹಾ ಏನಲ್ಲ ಅಂದ್ರೆ ಕಲ್ತು ಬನ್ನಿ ಮಾವ," ಎಂದರು. "ಮೂರು ತಿಂಗಳ ಕೋರ್ಸು. ಬೆಳಿಗ್ಗೆ ಹೊತ್ತು ರಜೆ ಕೊಡ್ತೀನಿ. ಪಾಸಾದ್ರೆ ಕುರ್ಚಿ ನಿಮ್ದು."

ಮೊಳೆ ಮಾವ ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಕಂಪೋಸಿಟರ್. ಮರದ ತಟ್ಟೆಯ ನೂರಾರು ಪುಟ್ಟ ಗೂಡುಗಳಿಂದ ಸೀಸದ ಅಕ್ಷರಗಳನ್ನು, ಅಂದರೆ ಅಚ್ಚುಮೊಳೆಗಳನ್ನು, ಒಂದೊಂದಾಗಿ ಹೆಕ್ಕಿ ಸಾಲಾಗಿ ಜೋಡಿಸುವುದು ಅವರ ಕೆಲಸ. ಮೊಳೆಗಳ ಜೊತೆ ಇದ್ದೂ ಇದ್ದೂ ಅವರ ಹೆಸರೇ ಮೊಳೆ ಮಾವ ಆಗಿಹೋಗಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವ ಬೆರಳುಗಳ ಹಾಗೆ ಅವರ ಬೆರಳುಗಳು ಗೂಡಿನಿಂದ ಗೂಡಿಗೆ ಓಡುತ್ತಿದ್ದವು. ಕಣ್ಣು ಬೇಕಿರಲಿಲ್ಲ. ಬೇಕಿದ್ದದ್ದು ಕಾಲು. ಆ ಕೆಲಸವನ್ನು ಕೂತು ಮಾಡಲು ಬರುವುದಿಲ್ಲ. ಇಪ್ಪತ್ತಾರು ವರ್ಷ ನಿಂತದ್ದಕ್ಕೆ ಅವರ ಕಾಲಿನ ನರಗಳು ಉಬ್ಬಿ, ಸಂಜೆ ಹೊತ್ತಿಗೆ ಪಾದಗಳು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಹೆಂಡತಿ ದಿನವೂ ಬಿಸಿನೀರಿನಲ್ಲಿ ಕಾಲು ಅದ್ದಿಸಿ, "ರೀ, ಜಗತ್ತಿನಲ್ಲಿ ಕೂತು ಮಾಡೋ ಕೆಲಸಾನೇ ಇಲ್ವಾ?" ಎನ್ನುತ್ತಿದ್ದಳು.

ಹಾಗಾಗಿ ಮೊಳೆ ಮಾವನಿಗೆ ಕಂಪ್ಯೂಟರ್ ಬೇಕಿರಲಿಲ್ಲ. ಬೇಕಿದ್ದದ್ದು ಅದರ ಮುಂದಿದ್ದ ಕುರ್ಚಿ.

ಮೂರು ತಿಂಗಳು ಕಳೆದು ಇವತ್ತು ಪರೀಕ್ಷೆಯ ದಿನ. ಬೆಳಿಗ್ಗೆ ಮುದ್ರಣಾಲಯದ ಬಾಗಿಲಲ್ಲೇ ಯಜಮಾನರು ಎದುರಾದರು.

"ಮಾವ, ಇವತ್ತು ಸಂಜೆ ಆರಕ್ಕೆ ಸರ್ಟಿಫಿಕೇಟ್ ನನ್ನ ಮೇಜಿನ ಮೇಲೆ ಇರ್ಬೇಕು. ಇಲ್ಲಾಂದ್ರೆ ನಾಳೆಯಿಂದ ನನ್ನ ಭಾಮೈದನ್ನ ಕೂರಿಸ್ತೀನಿ. ಮನೇಲಿ ಅವನ ಅಕ್ಕ ನನ್ನ ಊಟ ಮಾಡೋಕೆ ಬಿಡ್ತಿಲ್ಲ. ಈ ಸೀಸದ ಮೊಳೆಗಳನ್ನೆಲ್ಲಾ ಕರಗಿಸೋಕೆ ಕೊಡ್ತೀನಿ ಅಂತಾನೂ ಹೇಳಿಬಿಟ್ಟಿದ್ದೀನಿ. ನಾಳೆ ಗಾಡಿ ಬರುತ್ತೆ."

"ಕುರ್ಚೀನೂ ಇಲ್ಲ, ಮೊಳೇನೂ ಇಲ್ಲ ಅಂದ್ರೆ ನಾನು?"

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಉತ್ತರವಿಲ್ಲದಾಗಲೆಲ್ಲ ಅವರ ಕನ್ನಡಕ ಕೊಳೆಯಾಗುತ್ತಿತ್ತು.

ಭಾಮೈದ ಆಗಲೇ ಬಂದು ಕಿಟಕಿ ಪಕ್ಕ ನಿಂತಿದ್ದ. ಬೆಡ್‌ಶೀಟಿನ ಅಂಚು ಎತ್ತಿ, ಕಪ್ಪು ಗಾಜಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಇವನೂ ಕೋರ್ಸಿಗೆ ಸೇರಿದ್ದವನೇ. ಎರಡನೆಯ ದಿನ ಅದರ ದಾರಿ ಮರೆತಿದ್ದ.

"ಆಲ್ ದಿ ಬೆಸ್ಟ್ ಮಾವ," ಎಂದ ನಗುತ್ತ. "ಕುರ್ಚಿ ಬೆಚ್ಚಗೆ ಇಟ್ಟಿರ್ತೀನಿ."

ಪರೀಕ್ಷೆ ಮಧ್ಯಾಹ್ನ ಎರಡೂವರೆಗೆ, ಅರ್ಧ ಗಂಟೆಯದು. ಕಂಪ್ಯೂಟರ್ ಸೆಂಟರ್‌ನ ಮೇಡಂ ಚಿಕ್ಕ ವಯಸ್ಸಿನ ಹುಡುಗಿ. ಮಾತು ಮೆತ್ತಗೆ, ನಿಯಮ ಗಟ್ಟಿ. ಅಕ್ಷರಗಳ ಸಾಲಿಗೆ ಸ್ಟ್ರಿಂಗ್ ಎನ್ನುತ್ತಾರೆ ಎಂದು ಮೊದಲ ದಿನವೇ ಹೇಳಿದ್ದಳು. ಆ ಸಾಲಿನ ಉದ್ದ ಅಳೆಯುವುದು, ಅದನ್ನು ಹಿಂದುಮುಂದಾಗಿ ತಿರುಗಿಸುವುದು, ತುದಿಗಳ ಖಾಲಿ ಜಾಗ ಕತ್ತರಿಸುವುದು, ಒಂದು ಅಕ್ಷರ ಹುಡುಕುವುದು, ಒಂದನ್ನು ತೆಗೆದು ಇನ್ನೊಂದನ್ನು ಇಡುವುದು. ಈ ಐದು ಕೆಲಸಕ್ಕೂ ಕಂಪ್ಯೂಟರ್‌ನಲ್ಲಿ ರೆಡಿಮೇಡ್ ಮೆಥಡ್ ಇದೆ. "ಇದೆ, ಆದ್ರೆ ನಿಮಗಿಲ್ಲ," ಎಂದಿದ್ದಳು ಮೇಡಂ. "ಐದನ್ನೂ ಮೊದಲಿಂದ ನೀವೇ ಬರೀಬೇಕು. ಒಂದೊಂದು ಅಕ್ಷರ ಕೈಯಲ್ಲಿ ಎತ್ತಿ ಇಟ್ಟ ಹಾಗೆ."

ಕಾಲೇಜಿನ ಹುಡುಗರು ನರಳಿದರು. ಮೊಳೆ ಮಾವ ಮಾತ್ರ ಸುತ್ತ ನೋಡಿ, "ಬೇರೆ ಇನ್ನು ಹೇಗೆ ಮಾಡ್ತಾರೆ?" ಎಂದು ಕೇಳಿದ್ದರು.

ಇನ್ನೊಂದು ದಿನ 'ಕಮಲ ಮರ' ಎಂಬ ಸಾಲಿನ ಉದ್ದ ಎಷ್ಟು ಎಂದು ಮೇಡಂ ಕೇಳಿದಾಗ ಇಡೀ ತರಗತಿ "ಐದು" ಎಂದು ಕೂಗಿತು. ಮೊಳೆ ಮಾವ "ಆರು" ಎಂದರು. ಎಲ್ಲರೂ ನಕ್ಕರು. "ನಡುವಿನ ಖಾಲಿ ಜಾಗ ಬಿಟ್ಟಿರಲ್ಲ," ಎಂದರು ಮಾವ. "ಅದೂ ಸೀಸಾನೇ. ನಾವು ಅದನ್ನೂ ಬೆರಳಲ್ಲಿ ಎತ್ತಿ ಇಡ್ತೀವಿ. ಇಡದಿದ್ರೆ ಎರಡು ಮಾತು ಒಂದಕ್ಕೊಂದು ಅಂಟಿಕೊಂಡು ಬಿಡ್ತವೆ." ಅವತ್ತಿನಿಂದ ನಗುವವರು ಕಮ್ಮಿಯಾದರು. ಮೇಡಂ ಕೂಡ ಅವರನ್ನು ಮಾವ ಎಂದೇ ಕರೆಯತೊಡಗಿದಳು.

ಆಗ ನೇರವಾಗಿ ಕಂಪ್ಯೂಟರ್ ಮುಂದೆ ಕೂರಲು ಬಿಡುತ್ತಿರಲಿಲ್ಲ. ಮೊದಲು ಚೌಕಗೆರೆಯ ಹಾಳೆಯಲ್ಲಿ ಪೆನ್ಸಿಲ್‌ನಿಂದ ಪೂರ್ತಿ ಬರೆದು, ತಿದ್ದಿ, ಆಮೇಲೆ ತಲೆಗೆ ಅರ್ಧ ಗಂಟೆಯಂತೆ ಯಂತ್ರ. ಮೊಳೆ ಮಾವ ಐದು ಮೆಥಡ್ಡುಗಳನ್ನೂ ಐದು ಹಾಳೆಗಳಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದಿಟ್ಟಿದ್ದರು. ಇವತ್ತು ಮಧ್ಯಾಹ್ನದವರೆಗೆ ಕೆಲಸ ಮಾಡಿ ಹೊರಡೋಣವೆಂದು ಅವನ್ನು ತಮ್ಮ ಮೇಜಿನ ಮೇಲೆ ಇಟ್ಟು ಕೈತೊಳೆಯಲು ಹೋದರು.

ಅದು ಅವರು ಮಾಡಿದ ತಪ್ಪು. ಮುದ್ರಣಾಲಯದಲ್ಲಿ ಬರೆದ ಹಾಳೆಯನ್ನು ಮೇಜಿನ ಮೇಲೆ ಬಿಟ್ಟರೆ ಅದು ಪ್ರೂಫ್ ಮೇಷ್ಟ್ರ ಕೈ ಸೇರುತ್ತದೆ.

ಪ್ರೂಫ್ ಮೇಷ್ಟ್ರು ನಲವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾಗಿ, ಈಗ ಇಲ್ಲಿ ಅಚ್ಚಿನ ಕರಡು ತಿದ್ದುವವರು. ಕೆಂಪು ಶಾಯಿಯ ಪೆನ್ನು ಅವರ ಕೈಯ ಆರನೆಯ ಬೆರಳು. ಮೊಳೆ ಮಾವ ಬರುವಷ್ಟರಲ್ಲಿ ಅವರು ಐದು ಹಾಳೆಗಳನ್ನೂ ಮುಗಿಸಿ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು.

"ಏನಯ್ಯ ಇದು, ಮರ್ಯಾದೆ ಕಳೀತಿದ್ಯಲ್ಲ?" ಎಂದರು. "ಎಲ್ಲಾ ಹಾಳೇಲೂ ಒಂದೇ ತಪ್ಪು. 'ಐ = ಐ + 1' ಅಂತ ಬರ್ದಿದ್ದೀಯ. ಒಂದು ವಸ್ತು ತನಗಿಂತ ಒಂದು ಜಾಸ್ತಿ ಹೇಗಯ್ಯ ಆಗುತ್ತೆ? ನಿನ್ನ ವಯಸ್ಸು ನಿನ್ನ ವಯಸ್ಸಿಗಿಂತ ಒಂದು ಜಾಸ್ತಿನಾ? ಮೂರನೇ ಕ್ಲಾಸಿನ ಮಗು ಬರೆದ್ರೂ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಐದೂ ಕಡೆ ಹೊಡ್ದು ಹಾಕಿದ್ದೀನಿ."

"ಮೇಷ್ಟ್ರೇ, ಅದು ಕಂಪ್ಯೂಟರ್ ಲೆಕ್ಕ…"

"ಲೆಕ್ಕ ಲೆಕ್ಕಾನೇ ಕಣಯ್ಯ. ಅದಕ್ಕೆ ಹೊದಿಕೆ ಹಾಕಿದ್ರೆ ಬದಲಾಗಲ್ಲ."

ಇಲ್ಲಿ ಒಂದು ವಿಷಯ ಹೇಳಬೇಕು. ಕಂಪೋಸಿಟರ್‌ಗೆ ಕೆಂಪು ಶಾಯಿ ಎಂದರೆ ಮುಗಿಯಿತು. ಕಾಪಿಯಲ್ಲಿ ಏನಿದೆಯೋ ಅದನ್ನು ಜೋಡಿಸಬೇಕು, ಪ್ರೂಫಿನಲ್ಲಿ ಏನು ಹೊಡೆದಿದೆಯೋ ಅದನ್ನು ತೆಗೆಯಬೇಕು. ಯಾಕೆ ಎಂದು ಕೇಳಬಾರದು. ಮೊಳೆ ಮಾವ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮನಸ್ಸು ಮಿಸುಕಿದರೂ ಕೈ ತಾನಾಗಿ ರಬ್ಬರ್ ತೆಗೆದುಕೊಂಡು ಐದು ಸಾಲುಗಳನ್ನೂ ಅಳಿಸಿತು.

ಅಷ್ಟರಲ್ಲಿ ಬೈಂಡಿಂಗ್ ಅಕ್ಕ ಅಂಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಹಿಂದೆಯೇ ಅಚ್ಚಿನ ಯಂತ್ರ ನಡೆಸುವ ಮಿಷನ್ ತಮ್ಮಯ್ಯ. ಆರಡಿ ಎತ್ತರದ ಆಳಿಗೆ ಯಾರು ಯಾವಾಗ ತಮ್ಮಯ್ಯ ಎಂದು ಹೆಸರಿಟ್ಟರೋ.

"ಅಣ್ಣ, ನಮಗೂ ಒಂದು ಮಾಡಿ ತೋರ್ಸಿ. ನಿಮಗೆ ಧೈರ್ಯ ಬರುತ್ತೆ," ಎಂದಳು ಅಕ್ಕ.

ಮೊಳೆ ಮಾವ ಸೀಸದ ಅಕ್ಷರಗಳಲ್ಲೇ ತೋರಿಸಿದರು. "ತಿರುಗಿಸೋದು ನೋಡಿ. ಹಳೇ ಸಾಲಿಂದ ಒಂದೊಂದೇ ಎತ್ತಬೇಕು, ಹೊಸ ಸಾಲಿನ ಎಡ ತುದಿಗೆ ತಳ್ಳಬೇಕು. ಯಾವ ಪದ ಮಾಡ್ಲಿ?"

"ನಯನ," ಎಂದಳು ಅಕ್ಕ.

ಮೊಳೆ ಮಾವ ಶ್ರದ್ಧೆಯಿಂದ ಮೂರು ಮೊಳೆಗಳನ್ನು ಎತ್ತಿ ಮೂರನ್ನು ಇಟ್ಟರು. ಎಲ್ಲರೂ ಬಗ್ಗಿ ನೋಡಿದರು. 'ನಯನ'.

"ಏನೂ ಆಗ್ಲಿಲ್ವಲ್ಲ ಅಣ್ಣ!" ಅಕ್ಕನ ಮುಖ ಬಾಡಿತು.

"ಮಾವ, ಮೂರು ತಿಂಗಳು ಇದನ್ನೇನಾ ಕಲ್ತಿದ್ದು?" ಎಂದ ಮಿಷನ್ ತಮ್ಮಯ್ಯ ಗಾಬರಿಯಿಂದ. "ನಾನು ಬೇಕಾದ್ರೆ ಮೇಡಂ ಹತ್ರ ಮಾತಾಡ್ತೀನಿ."

ಮೊಳೆ ಮಾವ ಇದ್ದ ಧೈರ್ಯವನ್ನೂ ಅಲ್ಲೇ ಬಿಟ್ಟು, ಹಾಳೆಗಳನ್ನು ಎದೆಗೆ ಅವಚಿಕೊಂಡು ಹೊರಟರು.

ಸೆಂಟರ್‌ನಲ್ಲಿ ಚಪ್ಪಲಿ ಹೊರಗೆ. ಒಳಗೆ ನೆಲ ತಣ್ಣಗೆ, ಗಾಳಿ ತಣ್ಣಗೆ, ಕಪ್ಪು ಗಾಜಿನ ಮೇಲೆ ಹಸಿರು ಅಕ್ಷರಗಳು ಮಿಣಮಿಣ. ಎಂಟು ಯಂತ್ರಗಳ ಸಣ್ಣ ಗುಂಯ್ ಸದ್ದು. ಆ ಕೋಣೆಯಲ್ಲಿ ಕೂತವರು ಈಗ ಎಲ್ಲೆಲ್ಲೋ ಇದ್ದಾರೆ. ಕೇಳಿದರೆ ಇವತ್ತಿಗೂ ಆ ತಣ್ಣನೆಯ ನೆಲ ಅವರ ಅಂಗಾಲಿಗೆ ನೆನಪಿರುತ್ತದೆ. ಊದಿದ ಪಾದಗಳಿಗೆ ಅದು ಸ್ವರ್ಗವಾಗಿತ್ತು. ಮೊಳೆ ಮಾವ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಕುರ್ಚಿಯಲ್ಲಿ ಕೂತು ಒಂದು ಕ್ಷಣ ಕಣ್ಣು ಮುಚ್ಚಿದರು.

"ಮೊದಲು ತಿರುಗಿಸೋದು ಮಾಡಿ ಮಾವ," ಎಂದಳು ಮೇಡಂ. "ಪದ 'ಕಮಲ'. ಪ್ರತಿ ಹೆಜ್ಜೆನೂ ತೆರೆ ಮೇಲೆ ಕಾಣ್ಬೇಕು."

ಮಾವ ಹಾಳೆಯಲ್ಲಿದ್ದಂತೆ ಒಂದಕ್ಷರ ಆಚೀಚೆ ಇಲ್ಲದೆ ಹೊಡೆದು ಕೊನೆಯ ಗುಂಡಿ ಒತ್ತಿದರು.

ತೆರೆಯ ಮೇಲೆ 'ಕ' ಬಂತು. ಆಮೇಲೆ 'ಕಕ'. ಆಮೇಲೆ 'ಕಕಕ'. ಆಮೇಲೆ ನಿಲ್ಲಲೇ ಇಲ್ಲ. ಒಲೆಯ ಮೇಲೆ ಮರೆತ ಹಾಲಿನ ಹಾಗೆ 'ಕ' ಉಕ್ಕಿತು. ಒಂದು ಸಾಲು, ಹತ್ತು ಸಾಲು, ತೆರೆ ತುಂಬ. ಹಸಿರು ಕಾಗೆಗಳ ಹಿಂಡು ಕೂಗಿಕೊಂಡು ಏರುತ್ತಿದ್ದ ಹಾಗಿತ್ತು. ಪಕ್ಕದ ಹುಡುಗರು ಎದ್ದು ನಿಂತರು.

"ಅಯ್ಯೋ ಮೇಡಂ, ಇಷ್ಟೊಂದು 'ಕ' ಎಲ್ಲಿಂದ ಬರ್ತಿದೆ? ನಮ್ಮ ಗೂಡಲ್ಲಿ ಇರೋದೇ ಇನ್ನೂರು!" ಮಾವ ಎರಡೂ ಕೈಗಳಿಂದ ಗಾಜನ್ನು ಮುಚ್ಚಿ ಹಿಡಿದರು, ಒಳಗಿನದು ಹೊರಗೆ ಚೆಲ್ಲದಿರಲಿ ಎಂಬಂತೆ.

ಮೇಡಂ ಒಂದು ಗುಂಡಿ ಒತ್ತಿ ಅದನ್ನು ನಿಲ್ಲಿಸಿದಳು. "ಗಾಬರಿ ಬೇಡ. ಹನ್ನೆರಡು ನಿಮಿಷ ಹೋಯ್ತು. ಹಾಳೆ ನೋಡಿ ಯೋಚನೆ ಮಾಡಿ."

ಮೊಳೆ ಮಾವ ಯೋಚಿಸಿದರು. ತಾವೇ ಯಂತ್ರವಾಗಿ, ಎಡಗೈಯಲ್ಲಿ ಇಲ್ಲದ ಸಾಲು ಹಿಡಿದು, ಬಲಗೈಯಲ್ಲಿ ಇಲ್ಲದ ಮೊಳೆ ಎತ್ತಿದರು. ಮೊದಲ ಗೂಡಿಂದ 'ಕ' ಎತ್ತು. ಇಡು. ಮತ್ತೆ… ಮತ್ತೆ ಅದೇ ಗೂಡು. ಮತ್ತೆ ಅದೇ ಗೂಡು. ಮುಂದಿನ ಗೂಡಿಗೆ ಕೈ ಸರಿಯುತ್ತಿಲ್ಲ. ಯಾಕೆ ಸರಿಯುತ್ತಿಲ್ಲ? 'ಐ'ಗೆ, ಅಂದರೆ ಗೂಡಿನ ನಂಬರಿಗೆ, ಒಂದು ಕೂಡಿಸಿ ಮುಂದೆ ಹೋಗು ಎಂದು ಹೇಳುವ ಸಾಲೇ ಇಲ್ಲ. ಅದನ್ನು ಮೇಷ್ಟ್ರು ಹೊಡೆದು ಹಾಕಿದ್ದಾರೆ.

ಅವರ ಹಣೆಯಲ್ಲಿ, ಆ ತಂಪಿನಲ್ಲೂ, ಬೆವರು ಒಡೆಯಿತು. ಸಾಲು ಸೇರಿಸಿದರೆ ಸರಿಹೋಗುತ್ತದೆ. ಆದರೆ ಸೇರಿಸುವುದೆಂದರೆ ಕೆಂಪು ಶಾಯಿಯನ್ನು ಮೀರಬೇಕು. ಇಪ್ಪತ್ತಾರು ವರ್ಷದ ಬೆರಳುಗಳು ಗುಂಡಿಗಳ ಮೇಲೆ ನಿಂತು ಮುಂದೆ ಹೋಗಲು ಒಪ್ಪಲಿಲ್ಲ.

"ಮೇಷ್ಟ್ರೇ, ಇದೊಂದು ಸಲ ಕ್ಷಮಿಸಿಬಿಡಿ," ಎಂದು ಗೊಣಗಿ ಮಾವ ಕಣ್ಣು ಮುಚ್ಚಿ 'ಐ = ಐ + 1' ಎಂದು ಹೊಡೆದರು.

'ಕ'. 'ಮಕ'. 'ಲಮಕ'. ನಿಂತಿತು.

ಆ ಬೆರಳುಗಳಿಗೆ ಆಮೇಲೆ ತಡೆಯೇ ಇರಲಿಲ್ಲ. ಉದ್ದ ಅಳೆಯುವುದು ಆಯಿತು. ತುದಿಯ ಖಾಲಿ ಜಾಗ ಕತ್ತರಿಸುವುದು ಆಯಿತು. ಕಾಲೇಜಿನ ಹುಡುಗನೊಬ್ಬನ ಮೆಥಡ್ಡು ನಡುವಿನ ಜಾಗವನ್ನೂ ನುಂಗಿ ಕೂತಿದ್ದರೆ, ಮಾವನದು ಎರಡು ತುದಿಗಳನ್ನಷ್ಟೇ ಮಗುವಿನ ಉಗುರು ಕತ್ತರಿಸಿದ ಹಾಗೆ ಹದವಾಗಿ ತೆಗೆಯಿತು. ಹುಡುಕುವುದು, ಬದಲಿಸುವುದು, ಎಲ್ಲ ಆಯಿತು. ಇನ್ನೂ ಐದು ನಿಮಿಷ ಉಳಿದಿತ್ತು.

ಮೇಡಂ ಕುಣಿಯುವುದೊಂದು ಬಾಕಿ. "ಮಾವ, ಹಾಗೇ ಇರ್ಲಿ! ಪ್ರಿನ್ಸಿಪಾಲ್ ಬಂದು ಕಣ್ಣಾರೆ ನೋಡಿದ್ರೇನೇ ಪಾಸು. ಕರ್ಕೊಂಡು ಬರ್ತೀನಿ," ಎಂದು ಓಡಿದಳು.

ಅವಳು ಪ್ರಿನ್ಸಿಪಾಲರನ್ನು ಕರೆದುಕೊಂಡು ಬಂದಾಗ ತೆರೆಯ ಮೇಲೆ ಏನೂ ಇರಲಿಲ್ಲ. ಒಂದು ಚುಕ್ಕಿ ಕೂಡ. ಮೊಳೆ ಮಾವ ಕೈ ಒರೆಸಿಕೊಳ್ಳುತ್ತ ತೃಪ್ತಿಯಿಂದ ಕೂತಿದ್ದರು.

"ಮಾವ! ಎಲ್ಲಿ?"

"ಬಿಡಿಸಿಬಿಟ್ಟೆ ಮೇಡಂ. ಕೊನೇ ಅಕ್ಷರದಿಂದ ಒಂದೊಂದಾಗಿ. ಒಂದನ್ನೂ ಬಿಟ್ಟಿಲ್ಲ."

"ಬಿಡಿಸಿದ್ರಾ? ಯಾಕೆ?"

"ಮತ್ತೆ ಮುಂದಿನವರಿಗೆ ಅಕ್ಷರ ಬೇಡ್ವಾ?"

ಮೇಡಂ ಪಕ್ಕದ ಮೇಜನ್ನು ಹಿಡಿದುಕೊಂಡಳು. ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಅದರದರ ಗೂಡಿಗೆ ಹಿಂತಿರುಗಿಸಿ ಎದ್ದು ಹೋಗುವುದು ಕಂಪೋಸಿಟರ್‌ನ ಧರ್ಮ. ಬಿಡಿಸದೆ ಹೋದವನನ್ನು ಮುದ್ರಣಾಲಯದಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಇದು ಪ್ರಿನ್ಸಿಪಾಲರಿಗೆ ಹೇಗೆ ಗೊತ್ತಾಗಬೇಕು? ಅವರು ಗಡಿಯಾರ ನೋಡಿ, "ಮೂರು ನಿಮಿಷ ಇದೆ. ತೋರಿಸದೆ ಇದ್ರೆ ಫೇಲು," ಎಂದರು.

"ಐದೂ ಆಗಲ್ಲ ಸಾರ್, ಯಾವುದಾದ್ರೂ ಒಂದು ಸಾಕಲ್ವಾ?" ಮೇಡಂ ಬೇಡಿದಳು.

"ಸರಿ. ಒಂದು. ಹಾಳೆ ನೋಡೋ ಹಾಗಿಲ್ಲ."

ಮೊಳೆ ಮಾವ ಹಾಳೆಗಳನ್ನು ಮಡಿಸಿ ಮೇಡಂ ಕೈಗೆ ಕೊಟ್ಟರು. ನೇರ ಮುಂದೆ ಗೋಡೆ ನೋಡುತ್ತ, ಮೊದಲ ಸಾಲಿನಿಂದ ಹೊಡೆಯತೊಡಗಿದರು. ಇಡೀ ಕೋಣೆ ಉಸಿರು ಬಿಗಿಹಿಡಿಯಿತು. ಕೆಳಗೆ ನೋಡದ ಆ ಬೆರಳುಗಳು ಗೂಡಿನಿಂದ ಗೂಡಿಗೆ ಓಡುವುದನ್ನು ಹುಡುಗರು ಅವತ್ತು ಮೊದಲ ಸಲ ಕಂಡರು. ಎರಡೂಕಾಲು ನಿಮಿಷ. 'ಲಮಕ' ಎಂದು ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ತಮ್ಮ ಕೈಯೂ ತಟ್ಟುತ್ತಿದ್ದುದನ್ನು ಕಂಡು ಅದನ್ನು ಜೇಬಿಗೆ ಹಾಕಿಕೊಂಡರು.

"ಪಾಸು," ಎಂದರು.

"ಹಾಗಾದ್ರೆ ಸರ್ಟಿಫಿಕೇಟ್ ಕೊಟ್ಬಿಡಿ ಸಾರ್. ಆರು ಗಂಟೆಯೊಳಗೆ ತೋರಿಸ್ಬೇಕು."

"ಅದು ಇನ್ನೂ ಅಚ್ಚಾಗಿ ಬಂದಿಲ್ಲ ಕಣ್ರೀ. ಹನ್ನೆರಡು ದಿನದ ಹಿಂದೆನೇ ಬರ್ದು ಕೊಟ್ಟಿದ್ದೀವಿ. ಕೇಳಿದಾಗೆಲ್ಲ ನಾಳೆ ನಾಳೆ ಅಂತಾರೆ. ಎಂಥಾ ಪ್ರೆಸ್ಸೋ!"

"ಯಾವ ಪ್ರೆಸ್ಸು ಸಾರ್?"

ಪ್ರಿನ್ಸಿಪಾಲರು ಹೇಳಿದರು. ಮೊಳೆ ಮಾವ ಚಪ್ಪಲಿ ಕೈಯಲ್ಲಿ ಹಿಡಿದೇ ಓಡಿದರು.

ಯಜಮಾನರು ಮೇಜಿನ ಡ್ರಾಯರ್ ಎಳೆದು, ಹಳೆಯ ಕ್ಯಾಲೆಂಡರ್, ನೆಗಡಿ ಮಾತ್ರೆ, ಒಂಟಿ ಕಾಲುಚೀಲ ಎಲ್ಲ ತೆಗೆದು ಕೊನೆಗೆ ಒಂದು ಮಡಿಸಿದ ಹಾಳೆ ಹೊರಗೆಳೆದರು.

"ಇದೇನಾ? ಇದು ಬಂದಿದ್ದು ಬೆಳಿಗ್ಗೆ ಹೊತ್ತು. ಬೆಳಿಗ್ಗೆ ನೀವು ಕ್ಲಾಸಿಗೆ ಹೋಗಿರ್ತೀರಿ. ಇಂಥಾ ನಾಜೂಕು ಕೆಲಸ ಜೋಡಿಸೋರು ನಿಮ್ಮನ್ನ ಬಿಟ್ಟು ಯಾರಿದ್ದಾರೆ? ನಿಮ್ಮ ಕೋರ್ಸ್ ಮುಗೀಲಿ ಅಂತ ಎತ್ತಿಟ್ಟಿದ್ದೆ."

"ಯಜಮಾನ್ರೇ, ಇದನ್ನ ಕಂಪ್ಯೂಟರ್‌ನಲ್ಲಿ ಮಾಡಿಬಿಡ್ತೀನಿ. ಒಂದು ಗಳಿಗೆ ಸಾಕು."

"ಸರ್ಟಿಫಿಕೇಟ್ ಎಲ್ಲಿ?"

"ಅದನ್ನೇ ಮಾಡ್ತೀನಿ ಅಂದಿದ್ದು."

"ಅದಿಲ್ಲದೆ ಮುಟ್ಟೋ ಹಾಗಿಲ್ವಲ್ಲ ಮಾವ. ನಿಯಮ."

ಮೊಳೆ ಮಾವ ಯಜಮಾನರನ್ನು ನೋಡಿದರು, ಹಾಳೆಯನ್ನು ನೋಡಿದರು, ಗೋಡೆಯ ಗಡಿಯಾರವನ್ನು ನೋಡಿದರು. ಮೂರೂಕಾಲು. ಕುರ್ಚಿಯಲ್ಲಿ ಭಾಮೈದ ಒಂದು ಸುತ್ತು ತಿರುಗಿ ಸೀಟಿ ಹೊಡೆದ. ಮಾವ ಅಂಗಿಯ ತೋಳು ಮಡಿಸಿ, ತಮ್ಮ ಹಳೆಯ ಜಾಗಕ್ಕೆ ಹೋಗಿ ನಿಂತರು.

ಆಮೇಲಿನ ಎರಡು ಗಂಟೆ ಆ ಮುದ್ರಣಾಲಯದಲ್ಲಿ ಯಾರೂ ಕೂರಲಿಲ್ಲ. ಟಕ್ ಟಕ್ ಎಂದು ಮೊಳೆ ಬೀಳುವ ಸದ್ದು ಮಳೆ ಹಿಡಿದ ಹಾಗೆ ಒಂದೇ ಸಮ. ಹೂಬಳ್ಳಿಯ ಅಂಚು ಜೋಡಿಸಲು ಬೈಂಡಿಂಗ್ ಅಕ್ಕ ಅಟ್ಟದಿಂದ ದೂಳು ಹಿಡಿದ ಡಬ್ಬಿ ಇಳಿಸಿ, ಸೆರಗಿನಿಂದ ಒಂದೊಂದು ಎಲೆ ಒರೆಸಿ ಕೊಟ್ಟಳು. ಮಿಷನ್ ತಮ್ಮಯ್ಯ ಮಸಿ ಬೆರೆಸಿ ಬೆರಳಲ್ಲಿ ಹದ ನೋಡಿದ. ಸೀಮೆಎಣ್ಣೆ, ಮಸಿ, ಹೊಸ ಕಾಗದದ ವಾಸನೆ ಒಟ್ಟಿಗೆ ಎದ್ದು, ಅಲ್ಲಿದ್ದವರಿಗೆಲ್ಲ ಹಳೆಯ ದಿನಗಳು ನೆನಪಾದವು: ಊರಿನ ಪ್ರತಿ ಮದುವೆಯ ಕಾಗದ, ಪ್ರತಿ ಶಾಲೆಯ ಪ್ರಶ್ನೆಪತ್ರಿಕೆ ಇದೇ ಗೂಡುಗಳಿಂದ ಹೊರಟ ದಿನಗಳು. ನಾಳೆ ಇವೆಲ್ಲ ಕರಗಿ ಮುದ್ದೆಯಾಗುತ್ತವೆ ಎಂಬುದು ಎಲ್ಲರ ಮನಸ್ಸಿನಲ್ಲಿತ್ತು. ಮೊಳೆ ಮಾವ ಮಾತ್ರ, ಆರು ಗಂಟೆ ಬೆನ್ನ ಹಿಂದೆ ನಿಂತಿದ್ದರೂ, ಒಂದು ಪದಕ್ಕೂ ಇನ್ನೊಂದಕ್ಕೂ ನಡುವಿನ ಜಾಗವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ, ದೂರ ನಿಂತು ನೋಡಿ, ಮತ್ತೆ ಸರಿಮಾಡಿದರು. ಕೊನೆಯ ವಿದಾಯ ಎಂದರೆ ಚೆಂದವಾಗಿಯೇ ಇರಲಿ ಎಂದುಕೊಂಡಿದ್ದರು.

ಪ್ರೂಫ್ ಮೇಷ್ಟ್ರು ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಏನೂ ಸಿಗ್ತಿಲ್ಲ ಕಣಯ್ಯ," ಎಂದರು ಬೇಸರದಿಂದ.

ಐದೂವರೆಗೆ ಮೊದಲ ಪ್ರತಿ ಹೊರಬಿತ್ತು. ಒದ್ದೆ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು, ಮಗುವನ್ನು ನೀರಿನಿಂದ ಎತ್ತಿದ ಹಾಗೆ ಗಾಳಿಗೆ ಆಡಿಸುತ್ತ ಮೊಳೆ ಮಾವ ಸೆಂಟರ್‌ಗೆ ಓಡಿದರು. ಪ್ರಿನ್ಸಿಪಾಲರು ಬೀಗ ಹಾಕುತ್ತಿದ್ದವರು ಬಾಗಿಲಿಗೇ ಕಾಗದ ಒತ್ತಿ ಸಹಿ ಹಾಕಿದರು. ಮತ್ತೆ ಓಟ. ಆರಕ್ಕೆ ಎಂಟು ನಿಮಿಷ ಇರುವಾಗ ಸರ್ಟಿಫಿಕೇಟ್ ಯಜಮಾನರ ಮೇಜಿನ ಮೇಲಿತ್ತು.

ಯಜಮಾನರು ಕನ್ನಡಕ ಏರಿಸಿ ನೋಡಿದರು. ಹತ್ತಿರ ಹಿಡಿದು ನೋಡಿದರು. ಕಾಗದ ಮಗುಚಿ ಹಿಂಬದಿಯನ್ನು ಬೆರಳಿನಿಂದ ಸವರಿದರು. ಅಕ್ಷರಗಳು ಒತ್ತಿ ಮೂಡಿದ್ದು ಬೆರಳಿಗೆ ಸಿಗುತ್ತಿತ್ತು.

"ಮಾವ… ನಮ್ಮಪ್ಪ ಇದ್ದಾಗ ಇಂಥಾ ಕೆಲಸ ಆಗ್ತಿತ್ತು. ನಾನು ಎಂಥಾ ದಡ್ಡ! ಇದನ್ನ ಕರಗಿಸೋಕೆ ಹೊರಟಿದ್ನಲ್ಲ. ಏ ತಮ್ಮಯ್ಯ, ಆ ಗಾಡಿಯವನಿಗೆ ಬರೋದು ಬೇಡ ಅಂತ ಈಗ್ಲೇ ಹೇಳಿ ಬಾ! ಒಂದು ಮೊಳೆನೂ ಈ ಮನೆ ಬಿಟ್ಟು ಹೋಗಲ್ಲ."

ಬೈಂಡಿಂಗ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಿಷನ್ ತಮ್ಮಯ್ಯ ಮೊಳೆ ಮಾವನನ್ನು ಅನಾಮತ್ತಾಗಿ ಎತ್ತಿ ಇಳಿಸಿ, ಗಾಡಿಯವನ ಕಡೆ ಓಡಿದ. ಮೊಳೆ ಮಾವನ ಎದೆ ತುಂಬಿ ಬಂತು. ಮೊಳೆಯೂ ಉಳಿಯಿತು, ಮಾತೂ ಉಳಿಯಿತು. ಅವರು ಮೆಲ್ಲಗೆ ಕಿಟಕಿ ಪಕ್ಕದ ಕುರ್ಚಿಯ ಕಡೆ ನಾಲ್ಕು ಹೆಜ್ಜೆ ಇಟ್ಟರು.

"ಎಲ್ಲಿಗೆ?" ಎಂದರು ಯಜಮಾನರು.

"ಕುರ್ಚಿ…"

"ಅಯ್ಯೋ ಮಾವ! ಇಂಥಾ ಕೈಯನ್ನ ಹೋಗಿ ಹೋಗಿ ಅಲ್ಲಿ ಕೂರಿಸೋದಾ? ನೀವು ಅಲ್ಲಿ ಕೂತ್ರೆ ಇದನ್ನ ಯಾರು ಜೋಡಿಸ್ತಾರೆ? ಆ ಗುಂಡಿ ಒತ್ತೋದು ಯಾರು ಬೇಕಾದ್ರೂ ಮಾಡ್ತಾರೆ, ನಮ್ಮ ಭಾಮೈದಾನೂ ಮಾಡ್ತಾನೆ."

"ಆದ್ರೆ ಸರ್ಟಿಫಿಕೇಟು… ನಿಯಮ…"

"ನಿಯಮ ನಿಯಮಾನೇ," ಎಂದು ಯಜಮಾನರು ಎದ್ದರು. ಗೋಡೆಯಿಂದ ಹಳೆಯ ಕ್ಯಾಲೆಂಡರ್ ತೆಗೆದು, ಕಂಪ್ಯೂಟರ್‌ನ ನೇರ ಮೇಲೆ ಮೊಳೆ ಮಾವನ ಸರ್ಟಿಫಿಕೇಟನ್ನು ತಮ್ಮ ಕೈಯಾರೆ ಪಿನ್ನು ಚುಚ್ಚಿ ಸಿಕ್ಕಿಸಿದರು. "ಕುರ್ಚಿಗೆ ಸರ್ಟಿಫಿಕೇಟ್ ಬೇಕು ಅಂದಿದ್ದೆ. ಈಗ ಇದೆ. ನಾಳೆ ಫ್ರೇಮ್ ಹಾಕಿಸ್ತೀನಿ."

ಆರು ಹೊಡೆಯಿತು. ಭಾಮೈದ ಹೂವಿನ ಬೆಡ್‌ಶೀಟ್ ಎಳೆದು, ಮೂರು ತಿಂಗಳ ನಂತರ ಮೊದಲ ಸಲ ಕಂಪ್ಯೂಟರ್ ಹಚ್ಚಿದ. ಅಷ್ಟು ಹೊತ್ತಿಗೆ ಮೊಳೆ ಮಾವನ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಗಂಡ ಕುರ್ಚಿಯಲ್ಲಿ ಕೂತದ್ದನ್ನು ಕಣ್ತುಂಬ ನೋಡಲೆಂದೇ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

"ಪಾಸಾದ್ರಂತೆ? ದಾರೀಲಿ ತಮ್ಮಯ್ಯ ಕೂಗಿ ಹೇಳಿದ," ಎಂದಳು. ಗೋಡೆ ನೋಡಿದಳು, ಕುರ್ಚಿ ನೋಡಿದಳು. "ಮತ್ತೆ ಅಲ್ಲಿ ಕೂತಿರೋದು ಯಾರು?"

ಮೊಳೆ ಮಾವ ಬಾಯಿ ತೆರೆಯುವ ಮೊದಲೇ ಕಿಟಕಿ ಕಡೆಯಿಂದ ಭಾಮೈದ ಕೂಗಿಕೊಂಡ.

"ಮಾವಾ! ಇದರಲ್ಲಿ ಮೊದಲನೇ ಅಕ್ಷರ ಎಲ್ಲಿಂದ ಎತ್ತೋದು? ಸ್ವಲ್ಪ ಬನ್ನಿ, ಇಲ್ಲೇ ನಿಂತು ಹೇಳ್ಕೊಡಿ!"

ಮೊಳೆ ಮಾವ ಹೋದರು. ಕುರ್ಚಿಯ ಬೆನ್ನು ಹಿಡಿದು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿ ನಿಂತರು.

ಹೆಂಡತಿ ಬಗ್ಗಿ ಅವರ ಪಾದಗಳನ್ನು ನೋಡಿದಳು.

"ಇಷ್ಟು ವರ್ಷ ಒಂದು ಕಡೆ ನಿಲ್ತಿದ್ರಿ," ಎಂದಳು. "ಓದಿ ಪಾಸಾದ್ಮೇಲೆ ಎರಡು ಕಡೆ ನಿಲ್ಲೋ ಹಾಗಾಯ್ತು. ಬೇಗ ಬನ್ನಿ, ಇವತ್ತು ದೊಡ್ಡ ಪಾತ್ರೇಲೇ ನೀರು ಕಾಯಿಸ್ತೀನಿ."